ಸೊಟ್ಟ ಗೆರೆಯ ಬೆಲೆ

೧೯೭೪ರ ಬೇಸಿಗೆ. ವಿಜಾಪುರದ ದವಾಖಾನೆಯೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಿಕೋಟಾದಿಂದ ಬಂದ ಗಂಡ ಹೆಂಡತಿ ಕೂತಿದ್ದರು. ಅವನು ಅಂಗಡಿಗಳಿಗೆ ಬೋರ್ಡು ಬರೆಯುವವನೆಂದು ಅವರ ಮಾತಿನಿಂದ ತಿಳಿಯಿತು. ಅವನ ಕೈಯಲ್ಲಿದ್ದ ಪತ್ರಿಕೆ ಅಲುಗುತ್ತಿತ್ತು. ಅಲ್ಲಿ ಗಾಳಿ ಇರಲಿಲ್ಲ.

“ಇಲ್ನೋಡು, ಈ ಚಿತ್ರ ಲಂಡನ್ನಿನಾಗ ಎಂಟು ಲಕ್ಷಕ್ಕ ಹೋಗೇತಂತ.”

“ಏನ್ರಿ ಇದು? ಬರೇ ಸೊಟ್ಟ ಗೆರಿ ಅದಾವ.”

“ಅದ ಚಿತ್ರ.”

“ಅಯ್ಯ ಯವ್ವಾ! ಹಂಗಾರ ಸೈಫುದ್ದೀನ ಸಾವ್ಕಾರರು ನಿಮ್ಮ ಬೋರ್ಡ್ ಯಾಕ ಹೊಳ್ಳಿ ಕಳಿಸಿದ್ರು? ಅದರಾಗೂ ಗೆರಿ ಸೊಟ್ಟಾಗಿದ್ವು.”

“ಅದು ಕಿರಾಣಿ ಅಂಗಡಿ ಬೋರ್ಡ್. ಮಂದಿ ಓದಬೇಕಲಾ.”

“ನಾ ಬೇಕಂತನ ಹಿಂಗ ಬರದೇನಿ ಅಂತ ಹೇಳ್ರಿ. ಈ ಪೇಪರ್ ತೋರಸ್ರಿ.”

“ಲೇ, ಈ ಚಿತ್ರ ಬರದಾಂವ ಬೇಕಂತ ಸೊಟ್ಟ ಎಳದಾನ. ನನಗ ನೆಟ್ಟಗ ಎಳಿಯಾಕ ಬರವಲ್ದು.”

ಅವಳು ಅವನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮಡಚಿಟ್ಟಳು.

“ಡಾಕ್ಟರು ಗುಳಿಗಿ ಕೊಡ್ತಾರ ತಗೋರಿ. ಕೈ ನಡುಗೂದು ನಿಂದರತೈತಿ.”

“ಹೋದ ಸಲಾನೂ ಕೊಟ್ಟಿದ್ರು.”

“ಗುರಲಿಂಗಪ್ಪ, ತಿಕೋಟಾ!” ಎಂದು ಕಂಪೌಂಡರ್ ಕೂಗಿದ. ಇಬ್ಬರೂ ಎದ್ದರು. ಡಾಕ್ಟರ ಕೋಣೆಯ ಬಾಗಿಲಲ್ಲಿ ಅವಳು ತಲೆಯೆತ್ತಿ, ಮೇಲಿದ್ದ ಹೆಸರಿನ ಹಲಗೆಯನ್ನು ನೋಡಿದಳು.

“ಈ ಬೋರ್ಡ್ ನೀವ ಬರದದ್ದಲ್ರಿ?”

“ಹೂಂ. ಒಂದ ಗೆರಿನೂ ಸೊಟ್ಟಿಲ್ಲ ನೋಡು. ಏಳು ರೂಪಾಯಿ ಕೊಟ್ಟಿದ್ರು.”

ತಾನು ಮಾತ್ರ ಅದರತ್ತ ನೋಡದೆ, ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಒಳಗೆ ಹೋದ.