ಶುಭ ಶುಕ್ರವಾರದ ಮೂರನೇ ಸುತ್ತು

ಹೆಸರು: ಯೋಹಾನ್ ಪೀಟರ್ ವಾಂಪಾಖ್ (ಮನೆಯಲ್ಲಿ ಜೆಂಪಿ, ಫ್ರೆಂಚ್ ಮೂಲದ ಆ ಹೆಸರು ಈಗ ನಡೆಯುವುದಿಲ್ಲವೆಂದು ತಿಳಿಸಲಾಯಿತು). ವಯಸ್ಸು: 16. ಕಸುಬು: ಗಾಡಿಚಕ್ರ ಮಾಡುವ ತಂದೆಯ ಜೊತೆ ಕೆಲಸ. ವಿಳಾಸ: ಚರ್ಚ್ ಬೀದಿ, ಹೊಲ್ಲರ್‌ಬಾಖ್, ಲಕ್ಸೆಂಬರ್ಗ್. ಕಳೆದ ಆಗಸ್ಟ್‌ನಿಂದ ಇದು ಜರ್ಮನಿ ಎಂದು ಠಾಣಾಧಿಕಾರಿಗಳು ತಿದ್ದಿದ್ದರಿಂದ, ಜರ್ಮನಿ.

ಕರೆತಂದಿದ್ದರಿಂದ ಹಾಜರಾಗಿ, ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಪವಿತ್ರ ಗುರುವಾರ ನಮ್ಮ ಚರ್ಚಿನ ಗಂಟೆಗಳು ರೋಮ್‌ಗೆ ಹೋಗುತ್ತವೆ, ಶನಿವಾರ ಹಿಂದಿರುಗುತ್ತವೆ. ಇದು ವಾಡಿಕೆ. ಅಲ್ಲಿಯವರೆಗೆ ಚರ್ಚಿನಲ್ಲಿ ಗಂಟೆ ಬಾರಿಸುವುದಿಲ್ಲ, ಅದರ ಬದಲು ನಾವು ಹುಡುಗರು ಮರದ ಗಿಲಕಿಗಳನ್ನು ಗರಗರ ತಿರುಗಿಸುತ್ತ ಬೀದಿ ಸುತ್ತುತ್ತೇವೆ. ಪ್ರಾರ್ಥನೆಗೆ ಮುಂಚೆ ಮೂರು ಸುತ್ತು. ಮೂರನೆಯದಕ್ಕೆ ಊರೆಲ್ಲ ಚರ್ಚಿಗೆ ಹೊರಡುತ್ತದೆ. ಈ ವರ್ಷ ತಂಡಕ್ಕೆ ನಾನೇ ಯಜಮಾನ.

ಇಂದು ಪ್ರಾರ್ಥನೆ ಮಧ್ಯಾಹ್ನ ಮೂರಕ್ಕೆ. 2-05ಕ್ಕೆ ಮೊದಲನೇ ಸುತ್ತಿಗೆಂದು ನಿಂತಿದ್ದಾಗ, ಸೇತುವೆಯಾಚೆ ಗುಡ್ಡದ ತಿರುವಿನಲ್ಲಿ, ಎರಡೂವರೆ ಕಿಲೋಮೀಟರ್ ದೂರದಲ್ಲಿ ತಮ್ಮ ವಾಹನ ಕಂಡಿತು. ಅದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ನಾನು ತಪ್ಪಿ ನೇರ ಮೂರನೇ ಸುತ್ತನ್ನೇ ಹಾಕಿಸಿದೆ. ನಮ್ಮ ಗಡಿಯಾರಗಳನ್ನು ತಾವು ಜರ್ಮನ್ ಸಮಯಕ್ಕೆಂದು ಮುಂದಕ್ಕೆ ತಿರುಗಿಸಿದಾಗಿನಿಂದ ನನಗೆ ಹೊತ್ತಿನ ಅಂದಾಜು ಸಿಗುವುದಿಲ್ಲ.

2-10ಕ್ಕೆ ವಾಹನ ಬಂದಾಗ ಊರು ಬೀದಿಯಲ್ಲಿತ್ತು. ಬೀದಿಯ ಅಗಲ ನಾಲ್ಕು ಮೀಟರ್. ವಿಧವೆ ಲೀಸ್ ಥಿಲ್ಗೆಸ್, 74, ವಾಹನದ ಎದುರೇ ನಿಂತು, "ಲೋ ಕಪಿ, ಆಲೂಗಡ್ಡೆ ಇನ್ನೂ ಒಲೆ ಮೇಲಿದೆ, ಆಗ್ಲೇ ಮೂರನೇದಾ? ನಿಮ್ಮಪ್ಪಂಗೆ ಹೇಳ್ತೀನಿ ತಾಳು" ಎಂದು ನನ್ನ ಕಿವಿ ಹಿಂಡಿದರು. ಚಾಲಕರು ಹಾರ್ನ್ ಒತ್ತಿದರು. ಆಕೆ ತಿರುಗಿ, "ಯೇಸು ಸತ್ತ ದಿನ ಪೀಪಿ ಊದ್ತೀಯಲ್ಲಪ್ಪ, ನಾಚ್ಕೆ ಆಗಲ್ವಾ?" ಎಂದು ಕೇಳಿ, ಅಲ್ಲೇ ಮಂಡಿಯೂರಿ ಜಪಮಾಲೆ ಹಿಡಿದರು. ಉಳಿದವರೂ ಮಂಡಿಯೂರಿದರು. ವಾಹನ 11 ನಿಮಿಷ ನಿಂತಿತು. ಕಿವಿ ಇನ್ನೂ ಕೆಂಪಗಿದೆ, ಪರಿಶೀಲಿಸಬಹುದು.

2-22ಕ್ಕೆ ತಾವು ನಮ್ಮ ಮನೆ ತಲುಪಿ, ಜರ್ಮನ್ ಸೈನ್ಯದ ಕರೆಗೆ ಹೋಗದ ನನ್ನ ಅಣ್ಣ ನೆಕ್ಕೆಲ್, 21, ಎಲ್ಲಿ ಎಂದು ಕೇಳಿದಿರಿ. ಸಿಕ್ಕರೆ ಅವನಿಗೆ ಗುಂಡು, ನಮಗೆ ಗಡೀಪಾರು ಎಂದೂ ತಿಳಿಸಿದಿರಿ. ಅಟ್ಟದ ಮೇಲಿನ ಹುಲ್ಲುಹಾಸಿಗೆ ಬೆಚ್ಚಗಿದೆ ಎಂದಿರಿ. ಅಲ್ಲಿ ಬೆಕ್ಕು ಮಲಗುತ್ತದೆ ಎಂದು ತಾಯಿ ಹೇಳಿದರು. ಹಾಸಿಗೆಯ ಉದ್ದ ಆರಡಿ. ಬೆಕ್ಕು ಕಾಲು ಚಾಚಿ ಮಲಗುತ್ತದೆ ಎಂದು ನಾನು ಸೇರಿಸಿದೆ. ತಾಯಿಯ ಕೈ ನನ್ನ ಕೈಯಲ್ಲಿತ್ತು. ತಣ್ಣಗಿತ್ತು.

ಎಲ್ಲರೂ ಮಂಡಿಯೂರಿದ್ದಾಗ ಸೇತುವೆ ದಾಟಿ ಕಾಡಿನ ಕಡೆ ಹೋದ, ಕಪ್ಪು ಶಾಲು ಹೊದ್ದ ಎತ್ತರದ ಅಜ್ಜಿ ಯಾರೆಂದು ಕೇಳಿದ್ದೀರಿ. ಗುರುತಿಸಲಾರೆ. ತಮ್ಮ ಚಾಲಕರು ಟೋಪಿ ತೆಗೆದು ಆಕೆಗೆ ದಾರಿ ಬಿಟ್ಟದ್ದನ್ನು ಮಾತ್ರ ನೋಡಿದೆ.

ಅಣ್ಣ ಯಾವಾಗ ಹಿಂದಿರುಗುತ್ತಾನೆ ಎಂಬ ಕೊನೆಯ ಪ್ರಶ್ನೆಗೆ: ಗಂಟೆಗಳು ಶನಿವಾರ ಬರುತ್ತವೆ. ಅಣ್ಣನ ವಿಷಯದಲ್ಲಿ ನಮ್ಮೂರಲ್ಲಿ ಅಂಥ ವಾಡಿಕೆ ಇಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 23-4-1943, ಸಂಜೆ 6-40 (ತಮ್ಮ ಗಡಿಯಾರದಂತೆ)
ಸಹಿ: ಯೋಹಾನ್ ಪೀಟರ್ ವಾಂಪಾಖ್