ಅತ್ತೆ ಬರೆಸಿದ ಚೀಟಿ

ಭಾನುವಾರದ ಪ್ರಸಂಗದಲ್ಲಿ ಬೈಬಲಿನ ಶ್ರೀಮಂತನ ಕಥೆ ಕೇಳಿ ಕೇಳಿ ನಿಮಗೂ ಸಾಕಾಗಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಒಬ್ಬ ಸೊಸೆಯ ಕಥೆ. ಹೆಸರು ಕೃಪಾವತಿ ಅಂತ ಇಟ್ಟುಕೊಳ್ಳಿ. ಹಿಂದಿನ ಬೆಂಚಿನವರು ಸ್ವಲ್ಪ ಮುಂದೆ ಬನ್ನಿ, ಕಥೆಯಲ್ಲಿ ಅತ್ತೆಯೂ ಬರುತ್ತಾಳೆ!

ಗದುಗಿನ ಕಡೆಯ ಒಂದೂರು. ಕೃಪಾವತಿಗೆ ಬರೆಯುವ ಹುಚ್ಚು. ರೊಟ್ಟಿ ಬಡಿದು, ಗಂಡನಿಗೆ ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬೈಬಲ್ ಓದಿ, ಅದೇ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚುವಳು. ಮಹಿಳೆಯರ ಮಾಸಪತ್ರಿಕೆಯೊಂದರಲ್ಲಿ ಅವಳ ಬರಹಗಳು ಅಚ್ಚಾಗುತ್ತಿದ್ದವು. ಓದು ಬಾರದ ಅತ್ತೆಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಮಗನ ಹತ್ತಿರ ದೂರು ಹೇಳಿದಳು. ಮಗ ಏನಂದ?

“ಚರ್ಚಿನ ಸಭಾದಾಗ ಪ್ರಾರ್ಥನಿ ಮಾಡಸವ್ವಾ. ಸಭಾ ಆಮೆನ್ ಅಂದ್ರ ಆಕಿ ಪೆನ್ನು ಇಟ್ಟಬಿಡ್ತಾಳ.”

ನೋಡಿ, ಗಂಡಸರು ಹೇಗೆ ನುಣುಚಿಕೊಳ್ಳುತ್ತಾರೆ! ಒಳಗಿದ್ದ ಕೃಪಾವತಿಗೂ ಇದು ಕೇಳಿಸಿತು; ಸಭೆಯ ಆಮೆನ್ ಮೀರುವವಳಲ್ಲ ಅವಳು.

ಅವರ ಚರ್ಚಿನ ಬಾಗಿಲ ಬಳಿ ಒಂದು ಪೆಟ್ಟಿಗೆ. ಪ್ರಾರ್ಥನೆ ಬೇಕಾದವರು ಹೆಸರು ಹಾಕದೆ ಚೀಟಿ ಬರೆದು ಹಾಕಬೇಕು. ಭಾನುವಾರ ಸಭಾಪಾಲಕ ಅಯ್ಯನವರು ಓದುತ್ತಾರೆ, ಎಲ್ಲರೂ ಆಮೆನ್ ಅನ್ನುತ್ತಾರೆ. ಬರೆಯಲು ಬಾರದ ಹೆಂಗಸರಿಗೆಲ್ಲ ಚೀಟಿ ಬರೆದುಕೊಡುತ್ತಿದ್ದವಳು ಯಾರು? ಇದೇ ಕೃಪಾವತಿ! ಒಬ್ಬರ ಗುಟ್ಟನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಅತ್ತೆ ಬೇರೆ ಯಾರ ಹತ್ತಿರ ಹೋದಾಳು? ಬಂದು ಅವಳೆದುರೇ ಕೂತಳು.

“ಬರಿ. ಸ್ವಾಮಿ, ನನ್ನ ಸೊಸಿ ಬರಿಯೂದು ಬಿಡುವಂಗ ಮಾಡು.”

ಸೊಸೆಯ ಕೈ ನಿಂತಿತು. ಖಾರದ ಮಾತು ತೆಗೆದು ಒಂದಿಷ್ಟು ಸಿಹಿ ಹಾಕಿದರೆ? ಓದುವಾಗ ಅಯ್ಯನವರೇ ತಿದ್ದಿರಬೇಕು ಅಂದರಾಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಎದೆ ಮುಟ್ಟಿಕೊಂಡು ಹೇಳಿ.

ಅವಳು ತಿದ್ದಲಿಲ್ಲ. ಅಂದದ್ದನ್ನು ಅಂದ ಹಾಗೆಯೇ ಬರೆಯಬೇಕಾದರೆ ಅತ್ತೆಯ ಮುಖ ನೋಡಲೇಬೇಕಲ್ಲ, ನೋಡಿದಳು. ಅತ್ತೆ ಹೇಳುತ್ತಲೇ ಹೋದಳು.

“ಆಕಿ ಪೆನ್ನು ಹಿಡದ್ರ ನನ್ನ ಮಾತು ಕಿವಿಗೆ ಹಾಕ್ಕೊಳ್ಳೂದಿಲ್ಲ. ತೀರಿಹೋದ ನನ್ನ ಮಗಳ ಸುದ್ದಿ ತಗದ್ರ ಹ್ಞೂಂ ಅಂತಾಳ, ಕಣ್ಣು ಹಾಳಿ ಮ್ಯಾಲ. ಆ ಕೂಸಿನ ಸುದ್ದಿ ನಾ ಯಾರ ಮುಂದ ಹೇಳ್ಲಿ, ಸ್ವಾಮಿ?”

ಸೊಸೆಯ ಕಣ್ಣು ತುಂಬಿತು. ಹೌದು, ಎಷ್ಟು ಸಲ ಹಾಗೆ ಹ್ಞೂಂ ಅಂದಿದ್ದಳು! ಅದನ್ನೂ ಬರೆದಳು. ತಾನೇ ಒಯ್ದು ಪೆಟ್ಟಿಗೆಗೆ ಹಾಕಿದಳು.

ಭಾನುವಾರ ಸಭಾಪಾಲಕರು ಓದಿದರು. ಅತ್ತೆ ಸೊಸೆಯ ಮೊಣಕೈ ಹಿಡಿದು ಪಿಸುಗುಟ್ಟಿದಳು.

“ನಾ ಅಂದದ್ದು ಒಂದೂ ಬಿಟ್ಟಿಲ್ಲಲ್ಲ! ನಿನ್ನ ಬೈದದ್ದೂ ಬರದಿಯೇನ?”

“ನೀವು ಅಂದ್ರಿ, ಬರದೆ ಅತ್ತಿ.”

ಸಭಾಪಾಲಕರು ಕಣ್ಣು ಮುಚ್ಚಿ ಕೈ ಎತ್ತಿದರು. ಇನ್ನೇನು ಆಮೆನ್ ಅನ್ನಬೇಕು, ಅತ್ತೆ ಎದ್ದು ನಿಂತಳು!

“ತಡೀರಿ ಅಯ್ಯನವರ! ಆ ಚೀಟಿ ನಂದು. ತಿರಗಿ ಕೊಡ್ರಿ. ಸ್ವಾಮಿಗೆ ಮುಟ್ಟೂದು ಬ್ಯಾಡ!”

ಉಸ್ಸಪ್ಪಾ! ಕೃಪಾವತಿಗೆ ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕಳು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ನೋಟ್‌ಬುಕ್ಕನ್ನು ತಾನೇ ತಂದು ಮುಂದಿಟ್ಟಳು.

“ನನ್ನ ಮಗಳ ಸುದ್ದಿ ಹೇಳ್ತೀನಿ. ಚೀಟಿ ಬರದಂಗ ಬರಿ. ಒಂದೂ ಬಿಡಬ್ಯಾಡ.”

ನಗುತ್ತಿದ್ದೀರಿ. ನಗಿ, ನಗಿ. ಈಗ ನಿಮ್ಮ ಮನೆಗೆ ಬರೋಣ. ಅತ್ತೆ ಅಂದದ್ದನ್ನು ಗಂಡನಿಗೆ ಹೇಳುವಾಗ ಎಷ್ಟು ಖಾರ ಸೇರಿಸುತ್ತೀರಿ? ಹೆಂಡತಿ ಅಂದದ್ದನ್ನು ತಾಯಿಗೆ ಹೇಳುವಾಗ ಎಷ್ಟು ನುಂಗುತ್ತೀರಿ? ಇವತ್ತಿನಿಂದ ಒಂದು ಪದ ಸೇರಿಸಬೇಡಿ, ಒಂದು ಪದ ಬಿಡಬೇಡಿ. ಗಂಡಸರೇ, ನಿಮಗೂ ಹೇಳುತ್ತಿದ್ದೇನೆ, ಮನೆಯ ಜಗಳವನ್ನು ತಂದು ದೇವರ ಮೇಲೆ ಹಾಕಿ ಕೈತೊಳೆದುಕೊಳ್ಳಬೇಡಿ!

ಇನ್ನೊಂದು ಮಾತು. ಹೇಳಿದ ಮಾತಿಗೆ ಬರೀ ಹ್ಞೂಂ ಅನ್ನಿಸಿಕೊಂಡು ಸುಮ್ಮನಾದವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಯಾರು ಅಂತ ನಿಮಗೆ ಗೊತ್ತು. ಇವತ್ತು ಮನೆಗೆ ಹೋಗಿ, ಫೋನು ಬೋರಲು ಹಾಕಿ, ಅವರೆದುರು ಕೂತು ‘ಆಮೇಲೇನಾಯಿತು?’ ಅಂತ ಕೇಳಿ. ಕೇಳಿದ ಮೇಲೆ, ಅವರ ಮಾತು ಮುಗಿಯುವ ತನಕ ಏಳಬೇಡಿ.