ಉಷಾದೇವಿಯ ಕೈಗಳು

ಅಧ್ಯಕ್ಷರೇ, ಅತಿಥಿಗಳೇ, ಹೊಗಳಿಕೆ ಕೇಳಿ ಕೇಳಿ ಕಿವಿ ಕೆಂಪಾಗಿರುವ ನಮ್ಮ ಯಜಮಾನರೇ, ಹೊಟ್ಟೆ ಹಸಿದರೂ ಎದ್ದುಹೋಗದ ಸಭಿಕರೇ,

ಚಿತ್ರಕಾರರ ಹೆಂಡತಿಯೂ ಎರಡು ಮಾತಾಡಲಿ ಎಂದಿರಿ. ಸಂತೋಷ. ನನ್ನ ಹಿಂದೆ ತೂಗುಹಾಕಿರುವ ಉಷಾದೇವಿಯನ್ನು ಇಷ್ಟು ಹೊತ್ತೂ ಕೊಂಡಾಡಿದಿರಿ. ಕತ್ತಲೆಯ ತೆರೆಯನ್ನು ಎರಡೂ ಕೈಗಳಿಂದ ಎತ್ತಿ ಲೋಕಕ್ಕೆ ಬೆಳಗು ತರುವ ದೇವಿ. ಆ ಮುಖ, ಆಹಾ ಆ ಮುಖ ಎಂದಿರಿ. ಕೈ ಯಾರದೆಂದು ಒಬ್ಬರಾದರೂ ಕೇಳಿದಿರಾ? ಕೈ ನನ್ನದು. ಪಾದ ನನ್ನದು. ಸೊಂಟವೂ ನನ್ನದೇ, ಈಗ ನೋಡಿ ನಗಬೇಡಿ, ಆಗ ಇತ್ತು.

ಒಂದು ಚಳಿಗಾಲ ಪೂರ್ತಿ ಕಿಟಕಿಯ ಪಕ್ಕ ಕೈ ಎತ್ತಿ ನಿಂತಿದ್ದೆ. ತೋಳು ಸೋಲದಿರಲೆಂದು ಇವರು ತೊಲೆಗೆ ಹಗ್ಗ ಕಟ್ಟಿಕೊಟ್ಟಿದ್ದರು. ಬಸ್ಸಿನಲ್ಲಿ ನಿಂತವರ ಹಾಗೆ ಹಿಡಿದುಕೊಳ್ಳುತ್ತಿದ್ದೆ. "ರೀ, ಹಾಲು ಉಕ್ತಿದೆ" ಎಂದರೆ "ಉಕ್ಲಿ ಬಿಡೇ, ಅಲ್ಲಾಡ್ಬೇಡ" ಎನ್ನುತ್ತಿದ್ದರು. ಆಮೇಲೆ ಒಲೆ ತಿಕ್ಕುತ್ತಿದ್ದವಳೂ ನಾನೇ.

ಇವರದೊಂದು ಪದ್ಧತಿ, ಮುಖವನ್ನು ಕೊನೆಗೆ ಬರೆಯುತ್ತಾರೆ. ಮುಖವಿಲ್ಲದ ಆ ದೇವಿಯ ಮುಂದೆ ನಿಂತು, ಇಲ್ಲಿ ನನ್ನ ಮೂಗು, ಇಲ್ಲಿ ನನ್ನ ಹುಬ್ಬು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಮುಖ ಬರೆಯುವ ವಾರ ಬಂತು, ನಾನು ಹಲ್ಲು ಕೀಳಿಸಬೇಕಾಯಿತು. ಕೆನ್ನೆ ಬನ್ನಿನ ಹಾಗೆ ಊದಿತು. ಮನೆಗೆಲಸಕ್ಕೆ ಆಗಲೆಂದು ನನ್ನ ತಂಗಿ ಬಂದಳು. ಮಧ್ಯಾಹ್ನ ಒಳಕೋಣೆಯಲ್ಲಿ ಕೆನ್ನೆಗೆ ಶಾಖ ಕೊಟ್ಟುಕೊಂಡು ಮಲಗಿದ್ದೆ. ಇವರ ದನಿ ಕೇಳಿಸಿತು. "ಪುಟ್ಟಿ, ಒಂಚೂರು ಕಿಟಕಿ ಹತ್ರ ನಿಂತ್ಕೋತೀಯಾ?"

"ಭಾವ, ಹಾಲು ಇಟ್ಟಿದೀನಿ."

"ನೀನು ನಿಂತಿರು, ನಾನು ಇಳಿಸ್ತೀನಿ."

ಓಡಿದರು, ಸಭಿಕರೇ. ಹಾಲು ಇಳಿಸಲು ಇವರೇ ಓಡಿದರು.

ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ಊತ ಎರಡೇ ದಿನಕ್ಕೆ ಇಳಿಯಿತು. ಎರಡು ದಿನ ಕಾಯಲಾಗಲಿಲ್ಲವೇ? ಮನೆಯಲ್ಲಿ ಈ ಪ್ರಶ್ನೆ ಬಾಯಿಗೆ ಬರಲೇ ಇಲ್ಲ. ಮೈಕು ಸಿಕ್ಕಿತು, ಕೇಳುತ್ತಿದ್ದೇನೆ.

ತಂಗಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ನಾನು ವೇದಿಕೆ ಹತ್ತುವಾಗ ಕೈ ಹಿಡಿದು ನಿಲ್ಲಿಸಿ ಹೇಳಿದಳು, "ಅಕ್ಕಾ, ನಿನ್ನ ಪುಣ್ಯ ಕಣೇ. ಭಾವ ನನ್ನ ನೋಡಿದ್ದು ಒಂದು ಮಧ್ಯಾಹ್ನ. ನಿನ್ನ ನೋಡಿದ್ದು ಇಡೀ ಚಳಿಗಾಲ."

ಅವಳಿಗೂ ಹೊಟ್ಟೆಕಿಚ್ಚು, ನೋಡಿ. ತಗೋ ತಾಯಿ, ಆ ಚಳಿಗಾಲ ಪೂರ್ತಿ ನೀನೇ ಇಟ್ಟುಕೋ. ಹಗ್ಗವನ್ನೂ ಇಟ್ಟುಕೋ. ಆ ಒಂದು ಮಧ್ಯಾಹ್ನ ನನಗೆ ಕೊಟ್ಟುಬಿಡು.

ಇಷ್ಟು ಹೊತ್ತು ತಾಳಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ಎಲ್ಲರಿಗೂ ನಮಸ್ಕಾರ, ದೇವಿಯೊಬ್ಬಳನ್ನು ಬಿಟ್ಟು.